ಉತ್ತರಿಸುವ ಸ್ಥಳ

ಇಸ್ತ್ರಿಯಮ್ಮನ ಗಂಡ ಬದುಕಿದ್ದಷ್ಟು ದಿನವೂ ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಟ್ಟವನಲ್ಲ. ಕಸುಬಿನಲ್ಲಿ ಅವನು ಕ್ಷೌರದವನು. ಕ್ಷೌರದವನೆಂದರೆ ಕತ್ತರಿಗಿಂತ ಬಾಯಿ ಚುರುಕಾಗಿರಬೇಕು ಎಂದು ಲೋಕವೆಲ್ಲ ತಿಳಿದಿರುವಾಗ, ಇವನು ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಸುತ್ತಿದವನು ಅದನ್ನು ಬಿಚ್ಚಿ ಕೊಡವುವವರೆಗೆ ತುಟಿ ಎರಡು ಮಾಡುತ್ತಿರಲಿಲ್ಲ. ಮನೆಯಲ್ಲೊಬ್ಬರ, ಕಚೇರಿಯಲ್ಲೊಬ್ಬರ ಮಾತು ಕೇಳಿ ಕೇಳಿ ಕಿವಿ ಹಣ್ಣಾದವರೆಲ್ಲ ಇವನ ಕುರ್ಚಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೂತು, ಕಣ್ಣು ಮುಚ್ಚಿ, ಒಂದು ಗಳಿಗೆ ನಿದ್ದೆ ತೆಗೆದು, ತಲೆಯನ್ನು ಒಳಗೂ ಹೊರಗೂ ಹಗುರ ಮಾಡಿಕೊಂಡು ಹೋಗುತ್ತಿದ್ದರು. ಗಿರಾಕಿಗೆ ಸುಖವಾದದ್ದು ಹೆಂಡತಿಗೂ ಸುಖವಾಗಬೇಕೆಂದೇನೂ ಇಲ್ಲವಲ್ಲ. ಇಡೀ ದಾಂಪತ್ಯದಲ್ಲಿ ಇಸ್ತ್ರಿಯಮ್ಮನ ಪಾಲಿಗೆ ಬಂದದ್ದು ಹೂಂ, ಊಹೂಂ, ನೋಡೋಣ ಎಂಬ ಮೂರು ಮಾತು. ಮೊದಲಿನ ಎರಡು ಅಪರೂಪಕ್ಕೆ. ಮಿಕ್ಕದ್ದೆಲ್ಲ ನೋಡೋಣ.

ಗಂಡಹೆಂಡಿರ ಕಸುಬು ಒಂದೇ ಸೂರಿನ ಕೆಳಗೆ ನಡೆಯುತ್ತಿತ್ತು. ನಡುವೆ ಹಲಗೆಯ ತೆಳು ಗೋಡೆ. ಆ ಕಡೆ ಅವನ ಕತ್ತರಿ, ಈ ಕಡೆ ಅವಳ ಇಸ್ತ್ರಿ ಮೇಜು. ಬೀದಿಯವರ ಅಂಗಿ, ಲಂಗ, ಹಾಸಿಗೆಯ ಹೊದಿಕೆಗಳ ಜೊತೆಗೆ ಮೂಲೆಯ ಚರ್ಚಿನ ಪೀಠದ ವಸ್ತ್ರ, ಗುರುಗಳ ನಿಲುವಂಗಿ ಎಲ್ಲವೂ ಅವಳ ಕೈಕೆಳಗೇ ಸುಕ್ಕು ಕಳೆದುಕೊಳ್ಳುತ್ತಿದ್ದವು. ಈ ಗೋಡೆಗೆ ಬಣ್ಣ ಹೊಡೆಸೋಣವಾ ಎಂದು ಅವಳು ಈ ಕಡೆಯಿಂದ ಕೂಗಿದರೆ ಆ ಕಡೆ ಕತ್ತರಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ನಿಂತದ್ದು ಎಷ್ಟು ಹೊತ್ತು ಎಂಬುದರ ಮೇಲೆ ಅದು ಹೂಂನೋ ಊಹೂಂನೋ ಎಂದು ಅವಳೇ ಅಂದಾಜು ಕಟ್ಟಿಕೊಳ್ಳಬೇಕು. ಆ ಗೋಡೆಗೆ ಬಣ್ಣ ಬಿದ್ದದ್ದು ಅವನು ಹೋದ ಮೇಲೆ.

ಹೋಗುವಾಗಲೂ ಅವನು ಹಾಗೇ ಹೋದ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತನ್ನ ಕುರ್ಚಿಯ ಮೇಲೆ ತಾನೇ ಕೂತು ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಹೇಳದೆ ಕೇಳದೆ ಹೋದ ಎಂದು ಬೀದಿಯವರು ಅತ್ತರು. ಇಸ್ತ್ರಿಯಮ್ಮನೂ ಅತ್ತಳು. ಆದರೆ ಹೇಳಿ ಹೋದಾನು ಎಂದು ಅವಳೇನೂ ಕಾದಿರಲಿಲ್ಲ.

ಸಮಾಧಿಯ ಹತ್ತಿರ ಗುರುಗಳು ಪ್ರಾರ್ಥನೆ ಹೇಳಿಸಿದರು. ಉತ್ತರಿಸುವ ಸ್ಥಳದಲ್ಲಿರುವ ಆತ್ಮಗಳ ಮೇಲೆ ದಯೆಯಿರಲಿ ಎಂದು ಎಲ್ಲರೂ ಅಂದರು. ಸತ್ತವರು ಸ್ವರ್ಗ ಸೇರುವ ಮುಂಚೆ ತಮ್ಮ ಸಣ್ಣಪುಟ್ಟ ಪಾಪಗಳನ್ನೆಲ್ಲ ತೀರಿಸಿಕೊಳ್ಳುವ ಜಾಗ ಅದು, ಇಲ್ಲಿ ಉಳಿದವರು ಪ್ರಾರ್ಥಿಸಿದಷ್ಟೂ ಅಲ್ಲಿರುವವರಿಗೆ ಬೇಗ ಬಿಡುಗಡೆ ಎಂದು ಅವಳು ಚಿಕ್ಕವಳಿದ್ದಾಗಲೇ ಬಾಯಿಪಾಠ ಮಾಡಿದ್ದಳು. ಜಾಗದ ಹೆಸರನ್ನು ಮಾತ್ರ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೇಳುವುದೇನಿದೆ, ಹೆಸರೇ ಹೇಳುತ್ತಿದೆಯಲ್ಲ. ಬದುಕಿದ್ದಾಗ ಯಾರು ಯಾರಿಗೆ ಯಾವ ಯಾವ ಪ್ರಶ್ನೆಗೆ ಉತ್ತರ ಕೊಡದೆ ಉಳಿಸಿಕೊಂಡಿದ್ದಾರೋ ಅವರನ್ನೆಲ್ಲ ಅಲ್ಲಿ ಸಾಲಾಗಿ ಕೂರಿಸುತ್ತಾರೆ. ಒಂದೊಂದಕ್ಕೂ ಉತ್ತರ ಕೊಟ್ಟು ಮುಗಿಸಿದ ಮೇಲೆಯೇ ಮೇಲಕ್ಕೆ ಬಿಡುತ್ತಾರೆ. ತನ್ನ ಗಂಡನಂಥವರಿಗೆಂದೇ ದೇವರು ಆ ಜಾಗ ಕಟ್ಟಿಸಿದ್ದಾನೆ ಅನ್ನಿಸಿ, ಮಣ್ಣು ಹಾಕುವ ಹೊತ್ತಿನಲ್ಲೂ ಇಸ್ತ್ರಿಯಮ್ಮನಿಗೆ ದೇವರ ನ್ಯಾಯದ ಮೇಲೆ ಭಾರೀ ನಂಬಿಕೆ ಬಂತು.

ಒಂದೆರಡು ವರ್ಷ ಅವಳಿಗೆ ಕೇಳುವಂಥ ದೊಡ್ಡ ಪ್ರಶ್ನೆಯೇನೂ ಬರಲಿಲ್ಲ. ಆಮೇಲೆ ಬೇಕರಿಯವನು ಬಂದ.

ಬೇಕರಿ ಎದುರು ಸಾಲಿನಲ್ಲಿತ್ತು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿದ್ದ ಈ ಮನುಷ್ಯನಿಗೆ ಮಾತೆಂದರೆ ಹಿಟ್ಟು ಹುಳಿ ಬಂದ ಹಾಗೆ, ಮುಚ್ಚಿಟ್ಟಷ್ಟೂ ಉಕ್ಕುತ್ತಿತ್ತು. ಅಂಗಿ ಇಸ್ತ್ರಿಗೆ ಕೊಡಲು ಬಂದವನು ಒಲೆಯ ಶಾಖ, ಪಕ್ಕದ ಮನೆಯ ಬೆಕ್ಕು, ಮೊಣಕಾಲಿನ ನೋವು, ಬೆಣ್ಣೆಯ ಗುಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಡುವೆ ಅವಳನ್ನು ಏನೋ ಕೇಳಿ, ಅವಳು ಹೇಳಿದ್ದಕ್ಕೆ ನಕ್ಕು, ಅದಕ್ಕೆ ಇನ್ನೊಂದು ಸೇರಿಸಿ ಹೋಗುತ್ತಿದ್ದ. ಅವನು ಹೋದ ಮೇಲೆ ರೇಡಿಯೋ ಆರಿಸಿದ ಹಾಗೆ ಅಂಗಡಿ ಬಿಕೋ ಅನ್ನುತ್ತಿತ್ತು. ಆ ಬಿಕೋ ಮೊದಲೂ ಇತ್ತು, ಆದರೆ ಮೊದಲು ಅದು ಅವಳಿಗೆ ಕೇಳಿಸುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಅವನು ಅಂಗಿಗಳ ಗಂಟನ್ನು ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆ ಇಸ್ತ್ರಿ ಪೆಟ್ಟಿಗೆಯನ್ನೇ ನೋಡುತ್ತ ಶುರು ಮಾಡಿದ.

“ಈ ಅಂಗಿಗೆ ಗುಂಡಿ ಒಂದು ಸಡಿಲ ಆಗಿದೆ, ಅವಸರ ಇಲ್ಲ, ನನ್ನ ತಮ್ಮ ಅವನ ಊರಿಗೇ ಬಂದುಬಿಡು ಅಂತಾನೆ, ಬೇಕರಿ ಕೊಂಡ್ಕೊಳ್ಳೋಕೆ ಒಬ್ಬರು ತಿಂಗಳ ಕೊನೆಗೆ ನೋಡೋಕೆ ಬರ್ತಾರೆ, ಒಲೆ ಹಳೇದು ಆದ್ರೆ ಗಟ್ಟಿ, ನನ್ನ ಹಾಗೆ, ನೀವು ನನ್ನ ಮದುವೆ ಆಗ್ತೀನಿ ಅಂದ್ರೆ ನಾನು ಹೋಗಲ್ಲ, ಕಾಲರಿಗೆ ಗಂಜಿ ಜಾಸ್ತಿ ಬೇಡ, ಕಳೆದ ಸಲ ಕುತ್ತಿಗೆ ಕೊಯ್ತು.”

ಇಸ್ತ್ರಿಯಮ್ಮ ಏನಂದ್ರಿ ಎಂದು ಕೇಳಿದಳು. ಗಂಜಿ ಜಾಸ್ತಿ ಬೇಡ ಅಂದೆ ಎಂದ. ಅದಕ್ಕೆ ಮುಂಚೆ ಎಂದು ಅವಳು ಕೇಳಿದಾಗ ಅವನ ಮುಖ ಒಲೆಯ ಬಾಯಿಯ ಹಾಗೆ ಕೆಂಪಾಯಿತು. ಮುಂಚೆ ಅಂದದ್ದೂ ಅಂದದ್ದೇ, ತಿಂಗಳ ಕೊನೆಯೊಳಗೆ ಹೇಳಿದರೆ ಸಾಕು ಎಂದು ಗೊಣಗಿ, ಗಂಟಿಗೆ ಸುತ್ತಿ ತಂದ ಚೌಕವನ್ನೂ ವಾಪಸು ಒಯ್ಯದೆ ಬೀದಿ ದಾಟಿಬಿಟ್ಟ. ಅಷ್ಟರಲ್ಲಿ ಅವಳ ಇಸ್ತ್ರಿಯ ಕೆಳಗೆ ಯಾರದೋ ದಿಂಬಿನ ಚೀಲ ಕಂದು ಬಣ್ಣಕ್ಕೆ ತಿರುಗಿತ್ತು.

ಇಷ್ಟವಿಲ್ಲವೆಂದಲ್ಲ. ಇಷ್ಟವಿತ್ತೆಂದೇ ಭಯ. ಗಂಡನನ್ನು ಕೇಳದೆ ಅವಳು ಯಾವುದನ್ನೂ ಮಾಡಿದವಳಲ್ಲ. ಉತ್ತರ ಸಿಗದಿದ್ದರೂ ಕೇಳುವುದನ್ನು ಬಿಟ್ಟವಳಲ್ಲ. ಈಗಂತೂ ಅವನು ಉತ್ತರ ಕೊಡಲೇಬೇಕಾದ ಜಾಗದಲ್ಲಿ ಸಿಕ್ಕಿಕೊಂಡಿದ್ದಾನೆ. ಇಂಥ ಅನುಕೂಲ ಯಾವ ವಿಧವೆಗೆ ಸಿಕ್ಕೀತು? ಅವಳು ದಿನಾ ಬೆಳಿಗ್ಗೆ ಇಸ್ತ್ರಿ ಕಾಯಲು ಇಟ್ಟು, ಹಲಗೆ ಗೋಡೆಯ ಕಡೆಗೆ ತಿರುಗಿ, ನಾನು ಬೇಕರಿಯವರನ್ನು ಮದುವೆಯಾಗಲಾ ಬೇಡವಾ ಎಂದು ಸ್ಪಷ್ಟವಾಗಿ ಕೇಳತೊಡಗಿದಳು. ಆ ಕಡೆ ಈಗ ಕತ್ತರಿಯೂ ಇರಲಿಲ್ಲ.

ಇಲ್ಲೊಂದು ತೊಡಕಿತ್ತು. ಅವಳ ಗಂಡ ಇನ್ನೂ ಅಲ್ಲೇ ಇದ್ದಾನೆಯೇ, ಇಲ್ಲಾ ಮೇಲಕ್ಕೆ ಹೋಗಿಬಿಟ್ಟಿದ್ದಾನೆಯೇ? ಮೇಲಕ್ಕೆ ಹೋದವನು ದೇವದೂತರ ಹಾಡು ಕೇಳುತ್ತ ಸುಖವಾಗಿ ಕಣ್ಣು ಮುಚ್ಚಿ ಕೂರುತ್ತಾನೆ. ಆಮೇಲೆ ಅವನನ್ನು ಮಾತಾಡಿಸುವುದು ಬದುಕಿದ್ದಾಗಿನಷ್ಟೇ ಕಷ್ಟ. ಗಂಡನ ಅಕ್ಕ, ಅಂದರೆ ಅವಳ ಹಿರಿಯ ನಾದಿನಿ, ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ಮದುವೆಯಾಗದ, ಮೊಣಕಾಲು ಊದಿದ, ಜಪಸರ ಕೈಬಿಡದ ಹೆಂಗಸು. ನನ್ನ ತಮ್ಮ ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ, ಸತ್ತ ದಿನವೇ ಸ್ವರ್ಗಕ್ಕೆ ಹೋಗಿದ್ದಾನೆ ಎಂಬುದು ಅವಳ ವಾದ. ಒಳ್ಳೆ ಮಾತೂ ಆಡಲಿಲ್ಲವಲ್ಲ ಎಂಬುದು ಇಸ್ತ್ರಿಯಮ್ಮನ ಲೆಕ್ಕ.

“ನನ್ನ ತಮ್ಮನ್ನ ಇನ್ನೂ ಅಲ್ಲೇ ಇಟ್ಟಿದೀಯೇನೇ ನೀನು?” ಎಂದು ನಾದಿನಿ ಒಮ್ಮೆ ಕಣ್ಣು ಬಿಟ್ಟು ಕೇಳಿದ್ದಳು.

“ನಾನೆಲ್ಲಿ ಇಡ್ತೀನಿ ಅಕ್ಕ. ಅವರೇ ಕೂತಿದಾರೆ.”

ಮಾತಿಗೆ ಹಾಗಂದಳೇ ಹೊರತು, ಇಡುವ ಕೆಲಸವನ್ನು ಅವಳು ಒಳಗೊಳಗೇ ಶುರು ಮಾಡಿಯೂ ಆಗಿತ್ತು. ಸಂಜೆ ಇಬ್ಬರೂ ಕೂತು ಜಪಸರ ಹೇಳುವಾಗ, ಸತ್ತವರಿಗಾಗಿ ಬೇಡುವ ಸಾಲು ಬಂದರೆ ಇಸ್ತ್ರಿಯಮ್ಮ ತುಟಿ ಮಾತ್ರ ಆಡಿಸುತ್ತಿದ್ದಳು, ಸ್ವರ ಹೊರಡಿಸುತ್ತಿರಲಿಲ್ಲ. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುವುದನ್ನೂ ಕಡಿಮೆ ಮಾಡಿದಳು. ತಮ್ಮ ಸತ್ತ ದಿನ ಬರುತ್ತಿದೆ, ಚರ್ಚಿನಲ್ಲಿ ಗುರುಗಳಿಂದ ಅವನ ಹೆಸರಿನಲ್ಲಿ ಒಂದು ಬಲಿಪೂಜೆ ಹೇಳಿಸೋಣ ಎಂದು ನಾದಿನಿ ಅಂದಾಗ ಇಸ್ತ್ರಿಯಮ್ಮನ ಬಾಯಿಂದ ತಾನಾಗಿ ನೋಡೋಣ ಎಂದು ಬಂತು. ಪೂಜೆ ಪ್ರಾರ್ಥನೆ ಜಾಸ್ತಿಯಾಗಿ ಅವನು ಉತ್ತರ ಕೊಡುವ ಮುಂಚೆಯೇ ಬಿಡುಗಡೆಯಾಗಿ ಹೋದರೆ ತನ್ನ ಗತಿ? ಒಂದು ಹೂಂ ಅನ್ನಲಿ, ಆಮೇಲೆ ಬೇಕಾದರೆ ದಿನಕ್ಕೊಂದು ಪೂಜೆ ಹೇಳಿಸುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡಳು.

ಗಂಡ ಬಾಯಿ ಬಿಡಲಿಲ್ಲ. ನಡುವೆ ಯಾರಾದರೂ ದೊಡ್ಡವರನ್ನು ಹಾಕಿ ಕೇಳಿಸಬೇಕು ಎನ್ನಿಸಿತು. ಚರ್ಚಿನ ಎಡಗೋಡೆಯಲ್ಲಿ ಸಂತ ಜೋಸೆಫರ ಪ್ರತಿಮೆಯಿತ್ತು. ಸಂಸಾರಸ್ಥರು, ಬಡಗಿ ಕೆಲಸದವರು, ಕಸುಬಿನವರ ಕಷ್ಟ ಕಸುಬಿನವರಿಗೇ ಗೊತ್ತು ಎಂದು ಅವಳು ಅವರ ಮುಂದೆ ಮಂಡಿಯೂರಿ, ಸ್ವಲ್ಪ ಹೋಗಿ ನಮ್ಮವರನ್ನು ಮಾತಾಡಿಸಿ ಬನ್ನಿ ಎಂದು ಬೇಡಿಕೊಂಡಳು. ಪೀಠದ ವಸ್ತ್ರ ಕೊಡಲು ಹೋದಾಗೆಲ್ಲ ನೆನಪು ಮಾಡಿದಳು. ಆ ಭಾನುವಾರ ಗುರುಗಳು ಪ್ರವಚನದಲ್ಲಿ ಜೋಸೆಫರ ಗುಣವನ್ನೇ ಹೊಗಳಿದರು. ಬೈಬಲಿನ ಇಡೀ ಸುವಾರ್ತೆಯಲ್ಲಿ ಅವರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ, ಅಷ್ಟು ದೊಡ್ಡ ಮೌನ ಅವರದು ಎಂದರು. ಇಸ್ತ್ರಿಯಮ್ಮ ತಲೆ ಎತ್ತಿ ಎಡಗೋಡೆಯ ಕಡೆ ನೋಡಿದಳು. ಮಾತಾಡದ ಗಂಡನ ಹತ್ತಿರ ಮಾತಾಡದ ಸಂತರನ್ನು ಕಳಿಸಿದ್ದೇನೆ. ಇಷ್ಟು ದಿನ ಇಬ್ಬರೂ ಅಲ್ಲಿ ಎದುರುಬದುರು ಕೂತು ಎಷ್ಟು ನೆಮ್ಮದಿಯಾಗಿ ಹೊತ್ತು ಕಳೆದಿದ್ದಾರೋ ಏನೋ. ಪೂಜೆ ಮುಗಿದ ಮೇಲೆ ಅವಳು ಪ್ರತಿಮೆಯ ಹತ್ತಿರ ಹೋಗಿ, ನಿಮ್ಮ ಮೇಲೇನೂ ಬೇಸರ ಇಲ್ಲ ಎಂದು ಹೇಳಿ, ಮೆಲ್ಲಗೆ ಬಲಗೋಡೆಯ ಸಂತ ಅಂತೋನಿಯವರ ಕಡೆಗೆ ಸರಿದಳು.

ಅಂತೋನಿಯವರು ಮಾತಿನಲ್ಲಿ ಗಟ್ಟಿ. ಅವರು ಸತ್ತು ಎಷ್ಟೋ ಕಾಲದ ಮೇಲೆ ಗೋರಿ ತೆರೆದಾಗ ಮೈಯೆಲ್ಲ ಮಣ್ಣಾಗಿ ನಾಲಿಗೆ ಒಂದು ಮಾತ್ರ ಹಾಗೇ ಇತ್ತಂತೆ ಎಂದು ಅವಳು ಕೇಳಿದ್ದಳು. ಅಂಥ ನಾಲಿಗೆಗೆ ತನ್ನ ಗಂಡ ಬಗ್ಗದೆ ಇರುವುದುಂಟೇ? ಆದರೂ ಅವನ ಸ್ವಭಾವ ಬಲ್ಲವಳಾದ್ದರಿಂದ ಅವಳು ಕೆಲಸ ಸುಲಭ ಮಾಡಿಕೊಟ್ಟಳು. ಬಾಯಲ್ಲಿ ಹೇಳುವುದು ಬೇಡ, ಬಟ್ಟೆಯಲ್ಲಿ ಹೇಳಿಸಿ. ನಾಳೆ ಬೆಳಿಗ್ಗೆ ಅಂಗಡಿಗೆ ಬರುವ ಮೊದಲ ಬಟ್ಟೆ ಬಿಳಿಯಾಗಿದ್ದರೆ ಹೂಂ, ಕಪ್ಪಾಗಿದ್ದರೆ ಊಹೂಂ.

ಮರುದಿನ ಬಾಗಿಲು ತೆಗೆದು ಅವಳು ಕೈ ಮುಗಿದು ನಿಂತಿದ್ದಾಗ ಮೊದಲು ಬಂದವನು ಊರಿನ ಚೆಂಡಾಟದ ರೆಫರಿ. ಮೇಜಿನ ಮೇಲೆ ಅವನು ಹರಡಿದ ಅಂಗಿಗೆ ಒಂದು ಬಿಳಿ ಪಟ್ಟೆ, ಒಂದು ಕಪ್ಪು ಪಟ್ಟೆ, ಮತ್ತೆ ಬಿಳಿ, ಮತ್ತೆ ಕಪ್ಪು, ಕೊರಳಿನಿಂದ ಅಂಚಿನವರೆಗೂ.

ಇಸ್ತ್ರಿಯಮ್ಮ ಅದನ್ನೇ ನೋಡಿದಳು. ನೋಡೋಣ ಎಂಬ ಮಾತನ್ನು ಬಟ್ಟೆಯಲ್ಲಿ ಹೊಲಿದರೆ ಹೀಗಲ್ಲದೆ ಇನ್ನು ಹೇಗಿರುತ್ತದೆ?

“ಅಲ್ಲಿಗೆ ಹೋದ್ರೂ ಬುದ್ಧಿ ಬಿಡಲಿಲ್ಲ,” ಅಂದಳು.

ರೆಫರಿ ಅದು ತನಗೇ ಅಂದದ್ದೆಂದು ತಿಳಿದ. ಹಿಂದಿನ ದಿನದ ಆಟದಲ್ಲಿ ಅವನು ಕೊಟ್ಟ ಒಂದು ತೀರ್ಪಿಗೆ ಇಡೀ ಊರು ಉಗಿದಿತ್ತು. ಚೆಂಡು ಗೆರೆ ದಾಟಿದ್ದನ್ನು ತಾನು ಕಣ್ಣಾರೆ ಕಂಡೆ, ಇಸ್ತ್ರಿ ಮಾಡುವವರೂ ಹೀಗಂದರೆ ಹೇಗೆ ಎಂದು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಎಳೆದು ವಿವರಿಸಿದ. ಅವಳು ನಿಮಗಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಅಂಗಿ ಎತ್ತಿಕೊಂಡು ಹೊರಟುಹೋದ.

ಅಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದಿತ್ತು. ಬೇಕರಿಯವನು ಬಟ್ಟೆ ಕೊಡಲು ಬರುತ್ತಲೇ ಇದ್ದ. ಮದುವೆಯ ಮಾತೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಆಡುತ್ತಿದ್ದ. ಹೋಗುವಾಗ ಬಾಗಿಲ ಹತ್ತಿರ ಮಾತ್ರ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆ ಶನಿವಾರ ಸಂಜೆ ನಾದಿನಿ ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದು ಇನ್ನೊಂದು ಸುದ್ದಿ ಕೊಟ್ಟಳು. ನಿನ್ನ ನೋಡೋಣ ನೋಡಿ ನೋಡಿ ಸಾಕಾಯಿತು, ನಾನೇ ಗುರುಗಳ ಹತ್ತಿರ ಹೇಳಿ ಬಂದೆ, ನಾಳೆ ಬೆಳಗಿನ ಬಲಿಪೂಜೆ ನನ್ನ ತಮ್ಮನ ಹೆಸರಿನಲ್ಲಿ ಎಂದಳು.

ಇಸ್ತ್ರಿಯಮ್ಮ ಇಸ್ತ್ರಿ ಆರಿಸಿ, ತಲೆಗೆ ಬಟ್ಟೆ ಹಾಕಿಕೊಂಡು ನೇರ ಚರ್ಚಿಗೆ ನಡೆದಳು. ಶನಿವಾರ ಸಂಜೆ ಗುರುಗಳು ಪಾಪನಿವೇದನೆ ಕೇಳಲು ಕೂರುತ್ತಾರೆ. ಮರದ ಸಣ್ಣ ಗೂಡಿನಲ್ಲಿ ಒಳಗೆ ಅವರು, ಹೊರಗೆ ಮಂಡಿಯೂರಿದವರು, ನಡುವೆ ತೂತುತೂತಿನ ಹಲಗೆ. ಆ ಹಲಗೆಯ ಮುಂದೆ ಮಂಡಿಯೂರಿದ ಕೂಡಲೆ ಅವಳಿಗೆ ತನ್ನ ಅಂಗಡಿಯ ಗೋಡೆ ನೆನಪಾಗಿ, ಇಲ್ಲೂ ಉತ್ತರ ಬರದಿದ್ದರೆ ಎಂದು ದಿಗಿಲಾಯಿತು. ಪಾಪದ ಮಾತು ಆಮೇಲೆ ಆಗಲಿ ಎಂದು ಮೊದಲು ವಿಷಯಕ್ಕೇ ಬಂದಳು.

“ಫಾದರ್, ನಾಳೆ ಬೆಳಗಿನ ಪೂಜೆ ನಮ್ಮವರ ಹೆಸರಲ್ಲಿ ಇದೆಯಂತೆ. ಅದನ್ನ ಸ್ವಲ್ಪ ಮುಂದಕ್ಕೆ ಹಾಕಿ.”

ಯಾಕಮ್ಮ ಎಂದು ಗುರುಗಳು ಕೇಳಿದರು.

“ಅವರು ಸ್ವರ್ಗಕ್ಕೆ ಹೋಗಿಬಿಡ್ತಾರೆ.”

“ಅದು ಒಳ್ಳೇದಲ್ವಾ ಅಮ್ಮ?”

“ಒಳ್ಳೇದೇ. ಆದ್ರೆ ಈಗಲೇ ಬೇಡ.”

ಆಮೇಲೆ ಅವಳು ಎಲ್ಲವನ್ನೂ ಹೇಳಿಕೊಂಡಳು. ಬೇಕರಿಯವನು ಕೇಳಿದ್ದು, ತಾನು ಗಂಡನನ್ನು ಕೇಳಿದ್ದು, ಜಪದಲ್ಲಿ ಬರೀ ತುಟಿ ಆಡಿಸಿದ್ದು, ಮೇಣದಬತ್ತಿ ಉಳಿಸಿದ್ದು, ಜೋಸೆಫರನ್ನು ಬಿಟ್ಟು ಅಂತೋನಿಯವರನ್ನು ಹಿಡಿದದ್ದು, ರೆಫರಿಯ ಅಂಗಿ. ಗುರುಗಳು ವಯಸ್ಸಾದವರು, ಸಮಾಧಾನದ ಮನುಷ್ಯ. ಅವರ ಜೇಬಿನ ಕರ್ಚೀಫುಗಳನ್ನು ಅವಳೇ ಮಡಿಸಿ ಕೊಡುತ್ತಿದ್ದಳು. ರೆಫರಿಯ ವಿಷಯ ಬಂದಾಗ ಆ ಕರ್ಚೀಫುಗಳಲ್ಲಿ ಒಂದು ಒಳಗೆ ಬಾಯಿಗೆ ಹೋದ ಸದ್ದು ಅವಳಿಗೆ ಕೇಳಿಸಿತು. ಪಾಪ, ನೆಗಡಿ ಇರಬೇಕು ಅಂದುಕೊಂಡಳು.

ಅಲ್ಲಮ್ಮ, ಸತ್ತವರು ನಿಮಗೆ ಉತ್ತರ ಕೊಡುತ್ತಾರೆ ಎಂದು ಯಾಕೆ ಅಂದುಕೊಂಡಿರಿ ಎಂದು ಅವರು ಸುಧಾರಿಸಿಕೊಂಡು ಕೇಳಿದರು.

“ಉತ್ತರಿಸುವ ಸ್ಥಳ ಅಲ್ವಾ ಫಾದರ್? ಅಲ್ಲಿ ಕೂತು ಇನ್ನೇನು ಮಾಡ್ತಾರೆ?”

ಈ ಸಲ ಕರ್ಚೀಫು ಸಾಲಲಿಲ್ಲ. ಗುರುಗಳು ಜೋರಾಗಿ ಕೆಮ್ಮಿದರು. ಹಿಂದೆ ಸಾಲಿನಲ್ಲಿ ಕಾಯುತ್ತಿದ್ದವರು, ಇವಳು ಅದೇನು ಘೋರ ಪಾಪ ಹೇಳಿದಳೋ ಎಂದು ಕತ್ತು ಉದ್ದ ಮಾಡಿದರು. ಕೆಮ್ಮು ನಿಂತ ಮೇಲೆ ಅವರ ದನಿ ಮೆತ್ತಗಾಗಿತ್ತು.

“ಅದು ಹಳೇ ಮಾತು ಅಮ್ಮ. ಆಗೆಲ್ಲ ಉತ್ತರಿಸೋದು ಅಂದ್ರೆ ದಾಟೋದು ಅಂತಾನೂ ಇತ್ತು. ಹೊಳೆ ದಾಟಿ ಆಚೆ ದಡ ಸೇರ್ತೀವಲ್ಲ, ಹಾಗೆ. ಅಲ್ಲಿ ಯಾರೂ ಉತ್ತರ ಹೇಳ್ತಾ ಕೂತಿಲ್ಲ. ದಾಟ್ತಾ ಇದಾರೆ. ನಾವು ಇಲ್ಲಿಂದ ಮಾಡೋ ಪ್ರಾರ್ಥನೆ ಅವರಿಗೆ ಹುಟ್ಟು ಹಾಕಿದ ಹಾಗೆ.”

ಇಸ್ತ್ರಿಯಮ್ಮನ ಕೈ ಹಲಗೆಯ ಮೇಲೆ ಹಾಗೇ ನಿಂತಿತು. ಇಷ್ಟು ದಿನ ಅವಳ ಕಣ್ಣಿನಲ್ಲಿ ಅವನು ಒಂದು ಬೆಂಚಿನ ಮೇಲೆ ಕೂತಿದ್ದ, ಹಟಮಾರಿಯ ಹಾಗೆ ಬಾಯಿ ಬಿಗಿದುಕೊಂಡು. ಈಗ ಆ ಬೆಂಚು ಹೋಯಿತು. ನಡುಹೊಳೆಯಲ್ಲಿ, ಎದೆಮಟ್ಟ ನೀರಿನಲ್ಲಿ, ತುಕ್ಕು ಹಿಡಿಯದಿರಲೆಂದು ಕತ್ತರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅವನು ನಿಂತಿದ್ದಾನೆ. ದಡದ ಮೇಲೆ ಹುಟ್ಟು ಬಗಲಲ್ಲಿಟ್ಟುಕೊಂಡು ಕೂತ ಹೆಂಡತಿ, ಮದುವೆಯಾಗಲಾ ಬೇಡವಾ ಎಂದು ಕೂಗಿ ಕೂಗಿ ಕೇಳುತ್ತಿದ್ದಾಳೆ.

“ಅವರಿಗೆ ಈಜು ಬರಲ್ಲ ಫಾದರ್,” ಅಂದಳು. ಅವಳಿಗೆ ಅಳು ಬಂದಿತ್ತು.

ಗುರುಗಳು ನಗಲಿಲ್ಲ. ನಾಳೆಯ ಪೂಜೆ ಇದ್ದ ಹಾಗೇ ಇರಲಿ, ಗಟ್ಟಿಯಾಗಿ ಪ್ರಾರ್ಥನೆ ಮಾಡಿ, ಅದೇ ನಿಮಗೆ ಪ್ರಾಯಶ್ಚಿತ್ತ ಎಂದರು. ಅವಳು ಮೂಗು ಒರೆಸಿಕೊಂಡಳು, ಆದರೆ ಏಳಲಿಲ್ಲ. ಹಾಗಾದರೆ ಮದುವೆಯ ಮಾತು ಏನಾಯಿತು ಎಂದು ಕೇಳಿದಳು. ಸಾಯುವವರೆಗೆ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟಿದ್ದಿರಿ, ಸಾಯುವವರೆಗೆ ಇದ್ದಿರಿ, ಇನ್ನು ಧರ್ಮಸಭೆಯಿಂದ ಅಡ್ಡಿಯೇನೂ ಇಲ್ಲ ಎಂದು ಗುರುಗಳು ಹೇಳಿದರು.

“ಅಡ್ಡಿ ಇದೆಯಾ ಅಂತ ಕೇಳ್ತಿಲ್ಲ ಫಾದರ್. ಮಾಡ್ಕೊಳ್ಳಲಾ ಅಂತ.”

“ಅದು ನಾನು ಹೇಳೋದಲ್ಲ ಅಮ್ಮ.”

“ನಮ್ಮವರನ್ನ ಕೇಳಿದೆ, ಹೇಳಲಿಲ್ಲ. ಜೋಸೆಫರು ಹೇಳಲಿಲ್ಲ. ಅಂತೋನಿಯವರು ಪಟ್ಟೆ ಅಂಗಿ ಕಳಿಸಿದ್ರು. ನೀವೂ ಹೇಳಲ್ಲ ಅಂದ್ರೆ ನಾನು ಇನ್ಯಾರನ್ನ ಕೇಳಲಿ?”

ಗುರುಗಳು ಹಲಗೆಯ ಹತ್ತಿರಕ್ಕೆ ಬಾಗಿದರು.

“ಬೇಕರಿಯವರು ಯಾರನ್ನ ಕೇಳಿದ್ದು?”

“ನನ್ನನ್ನ,” ಅಂದಳು ಇಸ್ತ್ರಿಯಮ್ಮ.

ಗುರುಗಳು ಆಶೀರ್ವಾದ ಮಾಡಿ, ಮುಂದಿನವರು ಬರಲಿ ಎಂದರು. ಮುಂದಿನವರು ಅವಳ ಮುಖವನ್ನೇ ಇಣುಕಿ ನೋಡುತ್ತ ಬಂದರು.

ಭಾನುವಾರದ ಪೂಜೆಯಲ್ಲಿ ಇಸ್ತ್ರಿಯಮ್ಮ ಮಾಡಿದ್ದು ಪ್ರಾರ್ಥನೆಯಲ್ಲ, ಹುಟ್ಟು ಹಾಕಿದ್ದು. ಸತ್ತವರ ಹೆಸರು ಓದಿದ ಕೂಡಲೆ ಅವಳ ದನಿ ಹಾಡುವವರ ಗುಂಪನ್ನೂ ಮೀರಿ ಎದ್ದಿತು. ಪ್ರತಿ ಸಾಲಿಗೂ ಸ್ವಲ್ಪ ಮುಂದಕ್ಕೆ ಬಾಗಿ ಸ್ವಲ್ಪ ಹಿಂದಕ್ಕೆ ವಾಲುತ್ತಿದ್ದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ನಾದಿನಿ ಮೊಣಕೈಯಿಂದ ತಿವಿದು, ದೇವರಿಗೆ ಕಿವುಡಿಲ್ಲ ಕಣೇ ಎಂದು ಪಿಸುಗುಟ್ಟಿದಳು. ಇಸ್ತ್ರಿಯಮ್ಮ ನಿಲ್ಲಿಸಲಿಲ್ಲ. ಗುರುಗಳು ಕಡೆಯ ಆಶೀರ್ವಾದ ಮಾಡುವ ಹೊತ್ತಿಗೆ ಅವಳ ಕುಪ್ಪಸದ ಬೆನ್ನು ಬೆವರಿನಲ್ಲಿ ತೊಯ್ದಿತ್ತು. ಅವನು ದಡ ಮುಟ್ಟಿದ ಎಂದು ಅವಳಿಗೆ ಖಾತ್ರಿಯಾಗಿತ್ತು. ಮುಟ್ಟಿ, ಹಿಂತಿರುಗಿ ನೋಡದೆ, ಏನೂ ಹೇಳದೆ ಹೋಗಿರುತ್ತಾನೆ. ಹೋಗಲಿ. ಹೋದನಲ್ಲ, ಅಷ್ಟು ಸಾಕು.

ಚರ್ಚಿನ ಅಂಗಳದಲ್ಲಿ ಅವಳು ನಾದಿನಿಯ ಕೈ ಹಿಡಿದು ನಿಲ್ಲಿಸಿ ಬೇಕರಿಯವನ ವಿಷಯ ಹೇಳಿದಳು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಬೈಗುಳ ತಿನ್ನಲು ತಯಾರಾಗಿಯೇ ಇದ್ದಳು. ನಾದಿನಿ ಬಯ್ಯಲಿಲ್ಲ. ಒಂಟಿ ಗಂಡಸು ವಾರಕ್ಕೆ ಅಷ್ಟೊಂದು ಅಂಗಿ ಕೊಳೆ ಮಾಡುವುದಿಲ್ಲ ಎಂದು ತನಗೆ ಯಾವತ್ತೋ ಗೊತ್ತಾಗಿತ್ತು ಎಂದಳು. ಜಪಸರವನ್ನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಇಸ್ತ್ರಿಯಮ್ಮನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದಳು.

“ಬೇಕರಿಯವನ ಮನೆ ಮಹಡಿ ಮೇಲಾ, ಕೆಳಗಾ?”

ಯಾಕಕ್ಕ ಎಂದು ಇಸ್ತ್ರಿಯಮ್ಮ ಕೇಳಿದಳು.

“ನನ್ನ ಮೊಣಕಾಲಿಗೆ ಮೆಟ್ಟಿಲು ಆಗಲ್ಲ ಕಣೇ. ಬಾ ಅಂತ ನೀನು ಕರೀಲಿಲ್ಲ, ಸುಮ್ನೆ ಕೇಳಿದೆ.”

ತಮ್ಮ ಸತ್ತು ಸ್ವರ್ಗ ಸೇರಿದ ಎಂದು ಜಗಳವಾಡುತ್ತಿದ್ದ ಈ ಹೆಂಗಸು ರಾತ್ರಿಯೆಲ್ಲ ಯಾವುದನ್ನು ನೆನೆದು ಹೆದರುತ್ತಿದ್ದಳು ಎಂದು ಇಸ್ತ್ರಿಯಮ್ಮನಿಗೆ ಆಗ ಹೊಳೆಯಿತು. ಅವಳು ನಾದಿನಿಯ ಚೀಲವನ್ನು ತಾನು ತೆಗೆದುಕೊಂಡು, ತೋಳು ಹಿಡಿದು, ನೇರ ಬೇಕರಿಯ ಕಡೆಗೆ ನಡೆಸಿದಳು.

ಭಾನುವಾರ ಪೂಜೆ ಬಿಟ್ಟ ಹೊತ್ತೆಂದರೆ ಬೇಕರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನ ಬಾಗಿಲಿನಾಚೆಗೂ ನಿಂತಿದ್ದರು. ಒಳಗೆ ಹೊಸಬನೊಬ್ಬ ಅಳತೆಯ ಟೇಪು ಹಿಡಿದು ಒಲೆಯ ಅಗಲ ಅಳೆಯುತ್ತಿದ್ದ. ಬೇಕರಿ ನೋಡಲು ಬರಬೇಕಾಗಿದ್ದವನು ಬಂದೇಬಿಟ್ಟಿದ್ದ. ಟೇಪಿನ ಇನ್ನೊಂದು ತುದಿ ಬೇಕರಿಯವನ ಕೈಯಲ್ಲಿತ್ತು. ಅವನು ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಯಾರಿಗೋ ಬನ್ನು ಕೊಡುತ್ತ, ಒಲೆಯ ಗುಣ ಹೊಗಳುತ್ತಿದ್ದ. ಬಾಗಿಲಲ್ಲಿ ಇಸ್ತ್ರಿಯಮ್ಮನನ್ನು ಕಂಡದ್ದೇ ತಡ, ಮಾತು ಇನ್ನೂ ಜೋರಾಯಿತು. ಹೊಗೆ ನಳಿಗೆ ಹೊಸದು, ತಮ್ಮನ ಊರಿನಲ್ಲಿ ಗಾಳಿ ಚೆನ್ನಾಗಿದೆಯಂತೆ, ಬೇಸರವೇನಿಲ್ಲ, ಎಲ್ಲರೂ ಎಲ್ಲಾದರೂ ಇರಲೇಬೇಕಲ್ಲ. ಇಸ್ತ್ರಿಯಮ್ಮ ಕೇಳಿ ಇಲ್ಲಿ ಅಂದಳು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲು ಧೈರ್ಯ ಬರಲಿಲ್ಲ. ಅವಳು ಮತ್ತೆ ಬಾಯಿ ತೆರೆದಳು. ಅವನು ಬೆಣ್ಣೆಯ ಮಾತಿಗೆ ಹೋದ. ಜೀವಮಾನವೆಲ್ಲ ಉತ್ತರಕ್ಕೆ ಕಾದವಳಿಗೆ ಈಗ ಉತ್ತರ ಕೊಡಲು ಸಂದು ಸಿಗದೆ ಹೋಯಿತು.

ಕಡೆಗೆ ಅವಳು ಜನರನ್ನು ಸರಿಸಿಕೊಂಡು ಒಳಗೆ ಹೋಗಿ ಅವನ ಕೈಯಿಂದ ಟೇಪಿನ ತುದಿ ಬಿಡಿಸಿದಳು. ಟೇಪು ಸರ್ರನೆ ಹೊಸಬನ ಕೈಗೆ ಓಡಿ ಸುತ್ತಿಕೊಂಡಿತು.

“ಆಗ್ತೀನಿ,” ಅಂದಳು. “ಆದ್ರೆ ಅಕ್ಕನೂ ನನ್ನ ಜೊತೆ ಬರ್ತಾರೆ.”

ಬೇಕರಿಯವನು ಸುಮ್ಮನಾದ.

ಸಾಲಿನಲ್ಲಿದ್ದವರೂ ಸುಮ್ಮನಾದರು. ಅಂಗಡಿ ತೆರೆದಂದಿನಿಂದ ಅವನು ಸುಮ್ಮನಾದದ್ದನ್ನು ಅವರು ನೋಡಿರಲಿಲ್ಲ. ಇಸ್ತ್ರಿಯಮ್ಮನಿಗೆ ಮೌನದ ಉದ್ದ ಅಳೆದು ಅಭ್ಯಾಸ. ಇದು ಊಹೂಂನ ಉದ್ದವನ್ನು ಮೀರುತ್ತಿದೆ ಅನ್ನಿಸಿ ಅವಳು ನಾದಿನಿಯ ಚೀಲವನ್ನು ಹೆಗಲಿಗೇರಿಸಿಕೊಂಡಳು. ನಾದಿನಿ ಬಾಗಿಲ ಚೌಕಟ್ಟು ಹಿಡಿದು, ನೆಲ ನೋಡುತ್ತ ನಿಂತಿದ್ದಳು.

“ಹಿಂದಿನ ಕೆಳಗಿನ ರೂಮಲ್ಲಿ ಹಿಟ್ಟಿನ ಮೂಟೆ ಇದಾವೆ,” ಅಂದ ಬೇಕರಿಯವನು. “ಕಿಟಕಿ ಇದೆ, ಬೆಳಿಗ್ಗೆ ಬಿಸಿಲು ಬರತ್ತೆ, ಒಲೆ ಪಕ್ಕದಲ್ಲೇ ಇರೋದ್ರಿಂದ ಮೊಣಕಾಲಿಗೂ ಬೆಚ್ಚಗೆ. ಈಗಲೇ ಖಾಲಿ ಮಾಡ್ತೀನಿ.”

ಈಗಲೇ ಎಂದರೆ ಈಗಲೇ. ಒಲೆ, ಹೊಸಬ, ಗಿರಾಕಿ ಎಲ್ಲವನ್ನೂ ಬಿಟ್ಟು ಅವನು ಹಿಂದಕ್ಕೆ ನುಗ್ಗಿದ. ಅಲ್ಲಿಂದ ಮೂಟೆ ಎಳೆಯುವ ಸದ್ದಿನ ಜೊತೆಗೆ ಅವನ ಮಾತೂ ಮತ್ತೆ ಶುರುವಾಯಿತು. ಮಂಚ ಎಲ್ಲಿ ಹಾಕಬೇಕು, ಪರದೆ ಯಾವ ಬಣ್ಣದ್ದು, ಜಪ ಹೇಳುವಾಗ ಒಲೆಯ ಸದ್ದು ತೊಂದರೆಯಾಗುತ್ತದೆಯೋ ಹೇಗೆ. ಇಸ್ತ್ರಿಯಮ್ಮ ಹಿಂದೆಯೇ ಹೋಗಿ ಮೂಟೆಯ ಇನ್ನೊಂದು ತುದಿ ಹಿಡಿದಳು. ಭಾನುವಾರಕ್ಕೆಂದು ಮಡಿಕೆ ಕೂರಿಸಿ ಉಟ್ಟಿದ್ದ ಬಟ್ಟೆಯೆಲ್ಲ ಹಿಟ್ಟಾಯಿತು. ಅಯ್ಯೋ ನಿಮ್ಮ ಬಟ್ಟೆ ಎಂದ ಅವನು. ಎತ್ತಿ, ಮಾತು ಆಮೇಲೆ, ಎಂದಳು ಅವಳು.

ಹೊಸಬ ಟೇಪನ್ನು ಜೇಬಿಗಿಟ್ಟುಕೊಂಡು ಒಂದು ಗಳಿಗೆ ನಿಂತಿದ್ದು ಹೊರಟುಹೋದ. ಸಾಲಿನ ಮುಂದಿದ್ದ ಹೆಂಗಸು, ಮದುವೆ ಯಾವಾಗ ಬೇಕಾದರೂ ಆಗಲಿ, ನನ್ನ ಬ್ರೆಡ್ಡು ಕೊಡುವವರು ಯಾರು ಎಂದು ಕೇಳಿದಳು. ನಾದಿನಿ ಚೌಕಟ್ಟು ಬಿಟ್ಟು, ಕುಂಟುತ್ತ ಗಲ್ಲಾದ ಹಿಂದೆ ಹೋಗಿ, ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು. ಅದು ಅವಳ ಮೊಣಕಾಲಿಗೆ ಸರಿಯಾದ ಎತ್ತರದಲ್ಲಿತ್ತು.

“ದೊಡ್ಡದಾ, ಚಿಕ್ಕದಾ?” ಎಂದು ಕೇಳಿದಳು. “ಬೇಗ ಹೇಳಿ, ಹಿಂದೆ ಜನ ಇದಾರೆ.”